ಶನಿವಾರದ ಸಭೆ ಯಾರ ಲೆಕ್ಕಕ್ಕೆ?

2005ರ ಆಗಸ್ಟ್ 9ರಂದು ಬ್ರ್ಯಾಡ್ ನ್ಯೂಬರ್ಗ್ ಎಂಬ ಪ್ರೋಗ್ರಾಮರ್ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಒಂದಿಷ್ಟು ಮೇಜು ಕುರ್ಚಿ ಹಾಕಿ, ಆಫೀಸಿಲ್ಲದವರು ಬಂದು ಜೊತೆಯಲ್ಲಿ ಕೂತು ಅವರವರ ಕೆಲಸ ಮಾಡಿಕೊಳ್ಳಬಹುದು ಎಂದು ಸಾರಿದರು. ಸಂಬಳದ ನೌಕರಿಯ ಭದ್ರತೆಯೂ ಬೇಕು, ಸ್ವಂತ ದುಡಿಮೆಯ ಸ್ವಾತಂತ್ರ್ಯವೂ ಬೇಕು ಎಂಬುದು ಅವರ ಆಸೆ. ಮೊದಮೊದಲು ಯಾರೂ ತಲೆಹಾಕಲಿಲ್ಲ. ಇವತ್ತು ಬೆಂಗಳೂರಿನ ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್‌ಗಳ ಬೀದಿಬೀದಿಯಲ್ಲಿ ಕಾಣುವ ಕೋವರ್ಕಿಂಗ್ ಜಾಗಗಳ ಮೂಲ ಅಲ್ಲಿದೆ.

ಅದಾದ ಹತ್ತನೇ ದಿನಕ್ಕೆ ಅದೇ ಸೀಮೆಯ ಪಾಲೊ ಆಲ್ಟೊ ಊರಲ್ಲಿ, ಸೋಷಿಯಲ್‌ಟೆಕ್ಸ್ಟ್ ಎಂಬ ಸಣ್ಣ ಕಂಪನಿಯ ಆಫೀಸಿನಲ್ಲಿ ಇನ್ನೂರರಷ್ಟು ಜನ ಸೇರಿ ಒಂದು ಸಮ್ಮೇಳನ ನಡೆಸಿದರು. ತಯಾರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಒಂದು ವಾರ. ಅಧ್ಯಕ್ಷರಿಲ್ಲ, ಮುಖ್ಯ ಅತಿಥಿಗಳಿಲ್ಲ, ಟಿಕೆಟ್ಟಿಲ್ಲ, ಅಚ್ಚಾದ ಕಾರ್ಯಕ್ರಮ ಪಟ್ಟಿಯೂ ಇಲ್ಲ. ಬಂದವರೇ ಬೆಳಿಗ್ಗೆ ಗೋಡೆಯ ಮೇಲೆ ವಿಷಯ ಬರೆದರು, ಬಂದವರೇ ಮಾತಾಡಿದರು. ಪುಸ್ತಕ ಪ್ರಕಾಶಕ ಟಿಮ್ ಓ'ರೈಲಿ 2003ರಿಂದ ತಮ್ಮ ಕಂಪನಿಯ ಆವರಣದಲ್ಲಿ ನಡೆಸುತ್ತಿದ್ದ ಫೂ ಕ್ಯಾಂಪ್‌ಗೆ ಆಹ್ವಾನ ಪತ್ರ ಇದ್ದವರಿಗೆ ಮಾತ್ರ ಪ್ರವೇಶವಿತ್ತು. ಅದಕ್ಕೆ ಎದುರಾಗಿ ಬಾಗಿಲು ತೆರೆದಿಟ್ಟ ಈ ಕೂಟಕ್ಕೆ ಬಾರ್‌ಕ್ಯಾಂಪ್ ಎಂದು ಹೆಸರಿಟ್ಟರು.

ಈ ಎರಡರ ನಡುವಿನ ನಂಟು ಸೀಮೆಯದ್ದಷ್ಟೇ ಅಲ್ಲ. ಬಾರ್‌ಕ್ಯಾಂಪ್ ಕಟ್ಟಿದವರಲ್ಲಿ ಮುಖ್ಯರಾದ ಕ್ರಿಸ್ ಮೆಸಿನಾ, ಟಾರಾ ಹಂಟ್ ಜೊತೆ ಸೇರಿ ಮರುವರ್ಷವೇ ಸಿಟಿಜನ್ ಸ್ಪೇಸ್ ಎಂಬ ಕೋವರ್ಕಿಂಗ್ ತಾಣ ತೆರೆದರು. 2007ರ ಆಗಸ್ಟಿನಲ್ಲಿ ಟ್ವಿಟರ್‌ನಲ್ಲಿ ಹ್ಯಾಷ್‌ಟ್ಯಾಗ್ ಬಳಸೋಣವೇ ಎಂದು ಮೆಸಿನಾ ಮೊದಲ ಸಲ ಕೇಳಿದಾಗ ಕೊಟ್ಟ ಉದಾಹರಣೆ ಕೂಡ ಬಾರ್‌ಕ್ಯಾಂಪ್‌ನದೇ. ಕೆಲಸ ಎಲ್ಲಿ ಮಾಡಬೇಕು, ಕಲಿಯುವುದು ಯಾರಿಂದ, ಜೊತೆಗಾರರು ಎಂದರೆ ಯಾರು ಎಂಬ ಮೂರು ಪ್ರಶ್ನೆಗೂ ಹಳೆಯ ಕಾಲ ಕೊಡುತ್ತಿದ್ದ ಉತ್ತರ ಒಂದೇ: ಕಂಪನಿ. ಆ ಉತ್ತರ ಸಡಿಲವಾದಾಗ ಹುಟ್ಟಿದ ಅವಳಿಗಳು ಇವು. ಆದ್ದರಿಂದ ಸಹಭಾಗಿಗಳೇ ನಡೆಸುವ ಸಮ್ಮೇಳನವನ್ನು ಬರೀ ಸಭೆ ನಡೆಸುವ ಹೊಸ ಶೈಲಿಯೆಂದು ನೋಡಿದರೆ ಅರ್ಧವಷ್ಟೇ ಕಂಡಂತೆ. ಅದು ದುಡಿಮೆಯ ಚರಿತ್ರೆಗೆ ಸೇರಿದ ಸಂಗತಿ. ಮೈಕು ಯಾರ ಕೈಗೆ ಹೋಯಿತು ಎಂಬುದರ ಬಗ್ಗೆ ಇಪ್ಪತ್ತು ವರ್ಷದಿಂದ ಮಾತಾಡುತ್ತ ಬಂದಿದ್ದೇವೆ. ಖರ್ಚು ಯಾರ ತಲೆಗೆ ಬಂತು ಎಂದು ಕೇಳಿದವರು ಕಡಿಮೆ.

ಈ ವಿಧಾನದ ಬೇರು ಬಾರ್‌ಕ್ಯಾಂಪ್‌ಗಿಂತ ಇಪ್ಪತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಅಮೆರಿಕದ ಹ್ಯಾರಿಸನ್ ಓವೆನ್ ಪಾದ್ರಿಯಾಗಿದ್ದವರು, ಆಮೇಲೆ ಸಂಸ್ಥೆಗಳಿಗೆ ಸಲಹೆಗಾರರಾದವರು. 1983ರಲ್ಲಿ ಅವರು ಒಂದು ವರ್ಷ ಒದ್ದಾಡಿ 250 ಜನರ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿದರು. ಎಲ್ಲ ಮುಗಿದ ಮೇಲೆ ತಾವೂ ಸೇರಿದಂತೆ ಎಲ್ಲರೂ ಒಪ್ಪಿದ್ದು ಒಂದೇ ಮಾತು, ಕಾಫಿ ವಿರಾಮ ಬಹಳ ಚೆನ್ನಾಗಿತ್ತು. ಹಾಗಾದರೆ ಕಾಫಿ ವಿರಾಮವನ್ನೇ ಸಮ್ಮೇಳನ ಮಾಡಿದರೆ ಏನಾಗುತ್ತದೆ? 1985ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಅವರು ಹಾಗೇ ಮಾಡಿ ನೋಡಿದರು. ಎಂಬತ್ತೈದು ಜನ ವೃತ್ತಾಕಾರದಲ್ಲಿ ಕೂತರು. ಯಾರಿಗೆ ಯಾವ ವಿಷಯ ಮುಖ್ಯವೋ ಅವರು ಎದ್ದು, ಹಾಳೆಯಲ್ಲಿ ಬರೆದು, ಗೋಡೆಗೆ ಅಂಟಿಸಿದರು. ಒಂದೆರಡು ಗಂಟೆಯಲ್ಲಿ ಕಾರ್ಯಕ್ರಮ ಪಟ್ಟಿ ಸಿದ್ಧವಾಗಿತ್ತು. ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ಛಾಯಾಪತ್ರಕರ್ತನಾಗಿದ್ದಾಗ ಬಲಾಮಾ ಎಂಬ ಹಳ್ಳಿಯಲ್ಲಿ ನಾಲ್ಕು ದಿನ ನಡೆದ ಹಬ್ಬವೊಂದನ್ನು ಅವರು ನೋಡಿದ್ದರು. ಅಲ್ಲಿ ಸಮಿತಿ ಇರಲಿಲ್ಲ, ಮುಂಚಿನ ಯೋಜನೆಯೂ ಕಾಣಲಿಲ್ಲ. ಆದರೂ ಹಬ್ಬ ಹದವಾಗಿ ನಡೆಯಿತು. ಆ ನೆನಪೇ ತಮಗೆ ದಾರಿ ತೋರಿದ್ದೆಂದು ಓವೆನ್ ಹೇಳಿಕೊಂಡಿದ್ದಾರೆ.

ಓಪನ್ ಸ್ಪೇಸ್ ಎಂದು ಹೆಸರು ಪಡೆದ ಈ ವಿಧಾನಕ್ಕೆ ಅವರು ಹಾಕಿದ ಕಟ್ಟಳೆಗಳು ಕೆಲವೇ. ಬಂದವರೇ ಬರಬೇಕಾದವರು. ಆದದ್ದೇ ಆಗಬೇಕಾದದ್ದು. ಶುರುವಾದದ್ದೇ ಮುಹೂರ್ತ. ಮುಗಿದಾಗ ಮುಗಿಯಿತು. ಇವುಗಳ ಮೇಲೆ ಎರಡು ಕಾಲಿನ ನಿಯಮ ಎಂಬುದೊಂದಿದೆ: ಕೂತಲ್ಲಿ ನೀನು ಕಲಿಯುತ್ತಲೂ ಇಲ್ಲ, ಕಲಿಸುತ್ತಲೂ ಇಲ್ಲ ಎನ್ನಿಸಿದರೆ ಎದ್ದು ಇನ್ನೊಂದು ಕಡೆಗೆ ನಡೆ. ಭಾಷಣದ ಮಧ್ಯೆ ಎದ್ದು ಹೋಗುವುದು ಅಪಚಾರವೆಂದು ಬೆಳೆದ ನಮಗೆ ಇದು ಒರಟೆನಿಸಬಹುದು. ಆದರೆ ಎದುರಿಗೆ ಕೂತು ಫೋನ್ ತಿಕ್ಕುವುದಕ್ಕಿಂತ ಇದು ಎಷ್ಟೋ ಸಭ್ಯ ನಡವಳಿಕೆ ಎಂಬುದು ನನ್ನ ಅಭಿಪ್ರಾಯ. ಈ ನಿಯಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರ ಕಥೆಯೇ ದೊಡ್ಡದು.

ಬಾರ್‌ಕ್ಯಾಂಪ್ ಭಾರತಕ್ಕೆ ಬಂದದ್ದು 2006ರಲ್ಲಿ. ಮೊದಲು ದೆಹಲಿ, ಹಿಂದೆಯೇ ಚೆನ್ನೈ, ಬೆಂಗಳೂರು. ಬೆಂಗಳೂರಿನಲ್ಲಿ ಅದು ಬೇರೂರಿದಷ್ಟು ಗಟ್ಟಿಯಾಗಿ ಉಳಿದ ಕಡೆ ಬೇರೂರಲಿಲ್ಲ. ಕಾರಣ ಈ ಊರಿನ ದುಡಿಮೆಯ ಚರಿತ್ರೆಯಲ್ಲೇ ಇದೆ.

ಎಚ್‌ಎಎಲ್ (1940), ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954): ಒಂದು ತಲೆಮಾರಿನ ಬೆಂಗಳೂರಿಗೆ ಕೆಲಸವೆಂದರೆ ಇವು. ಸೈರನ್ ಕೂಗಿದಾಗ ಒಳಗೆ, ಕೂಗಿದಾಗ ಹೊರಗೆ. ಕ್ವಾರ್ಟರ್ಸ್, ಕ್ಯಾಂಟೀನು, ಪಿಎಫ್, ಯೂನಿಯನ್ನು, ಕನ್ನಡ ಸಂಘ, ರಾಜ್ಯೋತ್ಸವಕ್ಕೆ ನಾಟಕ. ಅಪ್ರೆಂಟಿಸ್ ಆಗಿ ಸೇರಿದವನಿಗೆ ಲೇತ್ ಕಲಿಸುತ್ತಿದ್ದುದು ಕಾರ್ಖಾನೆ, ಅದೂ ಸ್ಟೈಪೆಂಡ್ ಕೊಟ್ಟು. ಕಲಿತದ್ದು ನಿವೃತ್ತಿಯವರೆಗೆ ಸಾಕಾಗುತ್ತಿತ್ತು. ಸಿಟ್ಟು ಬಂದರೆ ಒಟ್ಟಾಗಿ ಹೊರಬರುತ್ತಿದ್ದರು. 1980-81ರ ಸಾರ್ವಜನಿಕ ಉದ್ಯಮಗಳ ಮುಷ್ಕರ ಎರಡು ತಿಂಗಳಿಗೂ ಮೀರಿ ನಡೆದದ್ದನ್ನು ಹಳಬರು ಈಗಲೂ ಮರೆತಿಲ್ಲ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಮುಂದಿನ ಎರಡು ದಶಕದಲ್ಲಿ ಕೆಲಸದ ಅರ್ಥವೇ ಬದಲಾಯಿತು. ಪೀಟರ್ ಡ್ರಕರ್ 1959ರಷ್ಟು ಹಿಂದೆಯೇ ಗುರುತಿಸಿದ್ದ ಜ್ಞಾನ ಕಾರ್ಮಿಕ, ಅಂದರೆ ಬಂಡವಾಳವನ್ನು ತಲೆಯೊಳಗೇ ಹೊತ್ತು ತಿರುಗುವವನು, ಇಲ್ಲಿ ಲಕ್ಷಗಟ್ಟಲೆ ಕಾಣಿಸಿಕೊಂಡ. ದೊಡ್ಡ ಕಂಪನಿಗಳು ಹೊಸಬರಿಗೆ ತರಬೇತಿ ಕೊಡುವುದನ್ನು ಬಿಡಲಿಲ್ಲ. ಇನ್ಫೊಸಿಸ್ ಮೈಸೂರಿನಲ್ಲಿ ಊರಿನಷ್ಟು ದೊಡ್ಡ ಕಲಿಕಾ ಕೇಂದ್ರವನ್ನೇ ಕಟ್ಟಿತು. ಆದರೆ ಆ ತರಬೇತಿ ಗಿರಾಕಿಗೆ ಬೇಕಾದ ಕೆಲಸಕ್ಕೆ. ನಾಲ್ಕೈದು ವರ್ಷಕ್ಕೊಮ್ಮೆ ತಂತ್ರಜ್ಞಾನವೇ ಮಗುಚಿಕೊಂಡಾಗ, ನಿನ್ನೆ ತಾನೆ ಹುಟ್ಟಿದ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಹೇಳಿಕೊಡುವ ಮೇಷ್ಟ್ರು ಯಾವ ಕಂಪನಿಯಲ್ಲೂ ಇರುವುದಿಲ್ಲ. ಅದನ್ನು ಬಲ್ಲವನು ಪಕ್ಕದ ಕಂಪನಿಯ ಯಾವುದೋ ಮೂಲೆಯಲ್ಲಿ ಕೂತು, ರಾತ್ರಿ ಮನೆಯಲ್ಲಿ ತನ್ನ ಪಾಡಿಗೆ ಕಲಿತುಕೊಂಡಿರುತ್ತಾನೆ. ಅವನನ್ನು ಹುಡುಕುವುದು ಹೇಗೆ? ಶನಿವಾರ ಒಂದು ಕಡೆ ಸೇರಿದರೆ ಸಿಗಬಹುದು.

ಹಾಗೆ ಸೇರಿದ ಶನಿವಾರದ ಬೆಳಿಗ್ಗೆ ಹೇಗಿರುತ್ತದೆಂದರೆ, ಕಂಪನಿಯೋ ಕಾಲೇಜೋ ಬಿಟ್ಟುಕೊಟ್ಟ ಹಾಲಿನಲ್ಲಿ ಗೋಡೆಯುದ್ದಕ್ಕೆ ಕಾಗದ. ಅಡ್ಡಕ್ಕೆ ಕೋಣೆಗಳ ಹೆಸರು, ಉದ್ದಕ್ಕೆ ಗಂಟೆ. ಖಾಲಿ ಚೌಕಗಳು. ಒಂಬತ್ತಕ್ಕೆ ಎಂದರೆ ಹತ್ತಕ್ಕೆ ಜನ ಸೇರುತ್ತಾರೆ (ಶುರುವಾದದ್ದೇ ಮುಹೂರ್ತ ಎಂಬ ಕಟ್ಟಳೆಯನ್ನು ನಮ್ಮವರು ಓವೆನ್‌ಗಿಂತ ಮುಂಚೆಯೇ ಪಾಲಿಸುತ್ತಿದ್ದರು). ಹಳದಿ ಚೀಟಿ, ಮಾರ್ಕರ್ ಪೆನ್ನು ಕೈಯಿಂದ ಕೈಗೆ ಓಡಾಡುತ್ತವೆ. ಮೊದಲ ಚೀಟಿ ಅಂಟಿಸುವವರು ಹಳಬರು, ನಾಚಿಕೆಯಿಲ್ಲದವರು. ಆಮೇಲೆ ಸಾಲು ಕಟ್ಟುತ್ತದೆ. ‘ನಂದೂ ನಿಂದೂ ಒಂದೇ ಟಾಪಿಕ್ಕು, ಸೇರಿಸಿಬಿಡೋಣವಾ?’ ‘ನೀವು ಹನ್ನೊಂದಕ್ಕೆ ಹೋಗಿ, ನಾನು ಊಟ ಆದ್ಮೇಲೆ ತಗೋತೀನಿ.’ ಊಟವಾದ ಮೇಲಿನ ಚೌಕ ಯಾರಿಗೂ ಬೇಡ. ಡೇಟಾಬೇಸ್ ಪಕ್ಕದಲ್ಲಿ ಸೈಕಲ್ ಸವಾರಿ, ಅದರ ಪಕ್ಕದಲ್ಲಿ ಫೋಟೋಗ್ರಫಿ, ಕೆಳಗೆ ಕೆಲಸ ಬಿಟ್ಟು ಸ್ವಂತ ಕಂಪನಿ ಮಾಡಿದ ಅನುಭವ. ಎಲ್ಲಕ್ಕಿಂತ ಹೆಚ್ಚು ಜನ ತುಂಬುವುದು ಈ ಕೊನೆಯದಕ್ಕೆ. ಅರ್ಧ ಗಂಟೆಯಲ್ಲಿ ಗೋಡೆ ಭರ್ತಿ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಚೀಟಿ ಜಾಗ ಬದಲಿಸಿರುತ್ತವೆ, ಒಂದೆರಡು ಕೆಳಗೆ ಬಿದ್ದಿರುತ್ತವೆ.

ಆ ಗೋಡೆಯ ಎದುರು ಪದವಿ ಕೇಳುವವರಿಲ್ಲ. ಎರಡು ವರ್ಷ ಅನುಭವದ ಹುಡುಗಿಯ ಕೋಣೆ ತುಂಬಿ, ವೈಸ್ ಪ್ರೆಸಿಡೆಂಟರ ಕೋಣೆಯಲ್ಲಿ ಐವರು ಕೂತಿರುವುದು ಸಾಮಾನ್ಯ ದೃಶ್ಯ. ಕಂಪನಿಯ ಏಣಿಯ ಮೇಲೆ ಇದು ಎಂದೂ ಆಗದು.

ಇದೇ ನೆಲದಲ್ಲಿ ಬೇರೆ ಬೇರೆ ತಳಿಗಳೂ ಬೆಳೆದವು. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಶುರುವಾಗಿ ಮುಂದೆ ಫಾಸ್.ಇನ್ ಆದ ಮುಕ್ತ ತಂತ್ರಾಂಶ ಸಮ್ಮೇಳನ ಒಂದು ಹಂತದಲ್ಲಿ ಭಾಷಣ ಕೇಳುವವರಿಗಿಂತ ಕೂತು ಕೋಡ್ ಬರೆಯುವವರಿಗೆ ಮಣೆ ಹಾಕಿತು. 2009ರಲ್ಲಿ ಮೊದಲ ಪೈಕಾನ್ ಇಂಡಿಯಾ ನಡೆದದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 2010ರಲ್ಲಿ ಹುಟ್ಟಿದ ಹ್ಯಾಸ್‌ಗೀಕ್ ಮಧ್ಯದ ದಾರಿ ಹಿಡಿಯಿತು. ಯಾರು ಬೇಕಾದರೂ ವಿಷಯ ಮುಂದಿಡಬಹುದು, ಎಲ್ಲರೂ ನೋಡಿ ಟೀಕೆ ಮಾಡಬಹುದು, ಆದರೆ ಆಯ್ಕೆ ಆದ ಮೇಲೆ ತಿದ್ದಿ ತೀಡಿ ವೇದಿಕೆಗೆ ತರುತ್ತಾರೆ. ಬಾರ್‌ಕ್ಯಾಂಪಿನ ಉತ್ಸಾಹ ಕಳೆದುಕೊಳ್ಳದೆ ಅದರ ಗದ್ದಲ ಕಳೆಯುವ ಈ ಪ್ರಯೋಗ ಹೆಚ್ಚು ಬಾಳಿಕೆಯದು ಎಂದು ನನಗೆ ಅನ್ನಿಸುತ್ತದೆ. ಏಕೆಂದರೆ ಸುಮ್ಮನೆ ಚೀಟಿ ಅಂಟಿಸಿ ನಿಂತವನ ಮಾತು ಅರ್ಧ ಸಲ ತಯಾರಿಯಿಲ್ಲದ ಮಾತು.

ಕಾರ್ಯಕ್ರಮ ಪಟ್ಟಿ ಯಾರ ಕೈಯಲ್ಲಿ ಎಂಬ ಜಗಳ ಕನ್ನಡಕ್ಕೆ ಕ್ಯಾಲಿಫೋರ್ನಿಯಾದಿಂದ ಬರಬೇಕಾಗಿರಲಿಲ್ಲ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಪ್ರತ್ಯೇಕ ಗೋಷ್ಠಿ ಇಡಿ ಎಂದು ಕೇಳಿದಾಗ ಕನ್ನಡ ಸಾಹಿತ್ಯ ಪರಿಷತ್ತು ಒಪ್ಪಲಿಲ್ಲ. ಕೇಳಿದವರು ಬೆಂಗಳೂರಿನಲ್ಲಿ ತಮ್ಮದೇ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಸಿದರು. ಕನ್ನಡದ ಒಂದು ಸಾಹಿತ್ಯ ಚಳವಳಿಯೇ ಅಲ್ಲಿಂದ ಕವಲೊಡೆಯಿತು. 2023ರ ಜನವರಿಯಲ್ಲಿ ಹಾವೇರಿ ಸಮ್ಮೇಳನದ ಗೋಷ್ಠಿಗಳಲ್ಲಿ ಮುಸ್ಲಿಂ ಲೇಖಕರಿಗೆ ತಕ್ಕ ಪ್ರಾತಿನಿಧ್ಯವಿಲ್ಲವೆಂದು ಆಕ್ಷೇಪಿಸಿದವರು ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ಮಾಡಿದರು. ಓವೆನ್ನರ ಎರಡು ಕಾಲಿನ ನಿಯಮವನ್ನು ಇಷ್ಟು ಗಂಭೀರವಾಗಿ ಪಾಲಿಸಿದ ಉದಾಹರಣೆ ಟೆಕ್ ಲೋಕದಲ್ಲಿ ಸಿಗಲಾರದು. ವ್ಯತ್ಯಾಸವಿಷ್ಟೆ: ಬಂಡಾಯದವರು ಹೊರನಡೆದದ್ದು ಬೇಸರ ಬಂದು ಅಲ್ಲ, ಜಾಗ ಸಿಗದೆ.

ಅನುಭವ ಮಂಟಪವೇ ಜಗತ್ತಿನ ಮೊದಲ ಅನ್‌ಕಾನ್ಫರೆನ್ಸ್ (ಸಹಭಾಗಿಗಳೇ ನಡೆಸುವ ಸಮ್ಮೇಳನ) ಎನ್ನುವ ಮಾತು ವೇದಿಕೆಗಳ ಮೇಲೆ ಆಗಾಗ ತೇಲಿಬರುತ್ತದೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಅಂಬಿಗ, ಮಡಿವಾಳ, ಮಾದಾರ, ನುಲಿಯ ಎಂದು ಕಸುಬಿನಿಂದಲೇ ಗುರುತಾದವರು ಸರಿಸಮಾನರಾಗಿ ಮಾತಿಗೆ ಕೂತರೆಂಬುದು ದೊಡ್ಡ ವಿಷಯ. ಆದರೆ ಅಲ್ಲಿ ಪಣಕ್ಕಿಟ್ಟದ್ದು ಬದುಕು, ನೆಟ್‌ವರ್ಕಿಂಗ್ ಅಲ್ಲ. ಹೋಲಿಕೆಯನ್ನು ಅಲ್ಲಿಗೇ ಬಿಡುವುದು ಎರಡಕ್ಕೂ ಮರ್ಯಾದೆ. ನಿಜವಾಗಿ ಹೋಲಿಸಬಹುದಾದದ್ದು ಗ್ರಾಮಸಭೆಯನ್ನು. ಸಂವಿಧಾನದ 73ನೇ ತಿದ್ದುಪಡಿಯೂ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯೂ ಊರಿನ ಪ್ರತಿ ಮತದಾರನಿಗೆ ವಿಷಯ ಎತ್ತುವ ಹಕ್ಕು ಕೊಟ್ಟಿವೆ. ಕಾಗದದ ಮೇಲೆ ಇದಕ್ಕಿಂತ ಮುಕ್ತ ಸಭೆ ಇಲ್ಲ. ಆದರೆ ಎಷ್ಟೋ ಕಡೆ ಕೋರಂ ಸಾಲದೆ ಸಭೆ ಮುಂದೂಡುತ್ತಾರೆ, ಬಂದವರು ಮನೆ ಮಂಜೂರಾತಿಯ ಪಟ್ಟಿ ಕೇಳಿ ಎದ್ದುಹೋಗುತ್ತಾರೆ. ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಜನ ಬರುವುದಿಲ್ಲ. ಕೂಲಿ ಬಿಟ್ಟು ಬಂದರೆ ಆ ದಿನದ ಗತಿ ಏನು ಎಂಬ ಲೆಕ್ಕ ಅವರಿಗಿದೆ.

ಸಾಫ್ಟ್‌ವೇರಿನ ಆಚೆ ಈ ವಿಧಾನ ಚೆನ್ನಾಗಿ ಹಿಡಿಸಿದ್ದು ಶಿಕ್ಷಕರಿಗೆ. 2010ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಎಡ್‌ಕ್ಯಾಂಪ್ ನಡೆಯಿತು. ತರಬೇತಿಯ ಹೆಸರಿನಲ್ಲಿ ಮೇಲಿನಿಂದ ಬರುವ ಉಪದೇಶಕ್ಕೆ ಬೇಸತ್ತ ಮೇಷ್ಟ್ರುಗಳು ತಮ್ಮ ತರಗತಿಯ ಕಷ್ಟಗಳನ್ನು ತಾವೇ ಹರಡಿಕೊಂಡು ಕೂತರು. ಕರ್ನಾಟಕದಲ್ಲಿ 2011ರ ಸುಮಾರಿಗೆ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗಾಗಿ ಶುರುವಾದ ವಿಷಯ ಶಿಕ್ಷಕರ ವೇದಿಕೆ ಇದೇ ಜಾಡಿನದು. ಕ್ಲಸ್ಟರ್ ಸಮಾಲೋಚನಾ ಸಭೆಗಳೂ ಮೂಲದಲ್ಲಿ ಇದೇ ಆಶಯದವು. ಸುತ್ತೋಲೆ ಓದಿ ಸಹಿ ಹಾಕಿಸಿಕೊಳ್ಳುವ ಸಭೆಗಳಾಗಿ ಅವು ಎಷ್ಟೋ ಕಡೆ ಒಣಗಿವೆ. ಒಳ್ಳೆಯ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಇದ್ದಲ್ಲಿ ಇನ್ನೂ ಜೀವ ಇದೆ. ರೈತರಲ್ಲಿ ಇದರ ಗಟ್ಟಿ ಉದಾಹರಣೆ ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’. ತೋಟದಲ್ಲಿ ಮಾಡಿ ನೋಡಿದವರೇ ಬರೆಯಬೇಕು, ತಜ್ಞರ ಉಪನ್ಯಾಸ ಆಮೇಲೆ ಎಂಬ ಶ್ರೀಪಡ್ರೆಯವರ ಬಳಗದ ಹಟ ಬಾರ್‌ಕ್ಯಾಂಪಿಗಿಂತ ಹದಿನೇಳು ವರ್ಷ ಹಿರಿದು.

ಹೊರದೇಶಗಳ ಪೈಕಿ ಒಂದನ್ನು ಹೇಳಲೇಬೇಕು. 2010ರ ಜನವರಿಯಲ್ಲಿ, ಇನ್ನೂ ಸೇನೆಯ ಆಡಳಿತವಿದ್ದ ಮ್ಯಾನ್ಮಾರಿನ ಯಾಂಗೊನ್‌ನಲ್ಲಿ ಬಾರ್‌ಕ್ಯಾಂಪ್ ನಡೆಯಿತು. ಎರಡೂವರೆ ಸಾವಿರಕ್ಕೂ ಹೆಚ್ಚು ಜನ ಬಂದರು. ಪಾಲೊ ಆಲ್ಟೊದ ಇನ್ನೂರು ಎಲ್ಲಿ, ಇದು ಎಲ್ಲಿ! ಎರಡು ವರ್ಷದ ನಂತರದ ಕೂಟಕ್ಕೆ, ಗೃಹಬಂಧನದಿಂದ ಹೊರಬಂದಿದ್ದ ಆಂಗ್ ಸಾನ್ ಸೂ ಕಿ ಬಂದು ಮಾತಾಡಿದರು. ನಾಲ್ಕು ಜನ ಸೇರುವುದಕ್ಕೇ ಅಂಜಬೇಕಾದ ದೇಶದಲ್ಲಿ, ಮೊದಲೇ ಗೊತ್ತುಮಾಡಿದ ಭಾಷಣಕಾರರಿಲ್ಲದ ಸಭೆ ಬಂದವರಿಗೆ ಬೇರೆಯೇ ಆಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಇನ್ನು ತಕರಾರುಗಳು. ಮೊದಲನೆಯದು ಹಳೆಯದು. ಅಮೆರಿಕದ ಸ್ತ್ರೀವಾದಿ ಜೋ ಫ್ರೀಮನ್ 1970ರ ದಶಕದ ಆರಂಭದಲ್ಲೇ, ಬಾರ್‌ಕ್ಯಾಂಪ್ ಹುಟ್ಟುವ ಮೂವತ್ತಕ್ಕೂ ಹೆಚ್ಚು ವರ್ಷ ಮೊದಲು, ನಾಯಕರಿಲ್ಲದ ಗುಂಪುಗಳ ಬಗ್ಗೆ ಎಚ್ಚರಿಸಿದ್ದರು. ಕಟ್ಟಳೆ ಇಲ್ಲದ ಗುಂಪು ಎಂಬುದು ಇರುವುದೇ ಇಲ್ಲ. ಕಟ್ಟಳೆ ಬರೆದಿಡದಿದ್ದರೆ ಅದು ಗೆಳೆಯರ ಬಳಗದೊಳಗೆ ಅಡಗಿ ಕೂರುತ್ತದೆ, ಆಗ ಅದನ್ನು ಪ್ರಶ್ನಿಸುವುದೂ ಕಷ್ಟ ಎಂಬುದು ಅವರ ವಾದದ ತಿರುಳು. ಗೋಡೆಗೆ ಚೀಟಿ ಅಂಟಿಸಲು ಯಾರಿಗೂ ತಡೆಯಿಲ್ಲ ನಿಜ. ಆದರೆ ಯಾರ ಚೀಟಿಯ ಕಡೆ ಜನ ಹರಿಯುತ್ತಾರೆ? ಗಂಟಲು ದೊಡ್ಡದಿದ್ದವರ, ಮೊದಲೇ ಹೆಸರಿದ್ದವರ, ಸಲೀಸಾಗಿ ಇಂಗ್ಲಿಷ್ ಬಲ್ಲವರ ಕಡೆಗೆ. ಬೆಂಗಳೂರಿನ ಇಂಥ ಕೂಟಗಳು ಬಹುಮಟ್ಟಿಗೆ ಇಂಗ್ಲಿಷಿನವು. ಕನ್ನಡದಲ್ಲಿ ಮಾತಾಡುತ್ತೇನೆ ಎಂದು ಬರೆದು ಅಂಟಿಸಿದರೆ ಯಾರೂ ಕೀಳುವುದಿಲ್ಲ, ಅಂಟಿಸುವ ಧೈರ್ಯ ಮಾಡಿದವರು ಅಪರೂಪ. ಇದಕ್ಕೆ ಹೊರತಾಗಿ ಕಾಣುವುದು ಕನ್ನಡ ವಿಕಿಪೀಡಿಯದ ಸಂಪಾದನೋತ್ಸವಗಳು. ಅಲ್ಲಿ ಕೆಲಸದ ಭಾಷೆ ಕನ್ನಡ, ಸಂಜೆಯ ಹೊತ್ತಿಗೆ ಲೇಖನಗಳು ಕಣ್ಣೆದುರು ಉಳಿದಿರುತ್ತವೆ. ಉಳಿದ ಕೂಟಗಳ ದೊಡ್ಡ ಕೊರತೆ ಇದೇ: ಮಾತು ಮುಗಿದ ಮೇಲೆ ಬರೆದಿಟ್ಟವರಿಲ್ಲ. ಹಳೆಯ ಸಮ್ಮೇಳನಗಳು ಎಷ್ಟೇ ಜಡವಾಗಿದ್ದರೂ ಸ್ಮರಣ ಸಂಚಿಕೆಯನ್ನಾದರೂ ಬಿಟ್ಟುಹೋಗುತ್ತವೆ.

ಎರಡನೆಯ ತಕರಾರು ನನ್ನ ಮಟ್ಟಿಗೆ ಮುಖ್ಯವಾದದ್ದು. ಎಚ್‌ಎಂಟಿಯ ಅಪ್ರೆಂಟಿಸ್ ಕಲಿತದ್ದು ಕಾರ್ಖಾನೆಯ ಹೊತ್ತಿನಲ್ಲಿ. ಬಾರ್‌ಕ್ಯಾಂಪಿಗೆ ಬಂದವನು ಕಲಿಯುವುದು ತನ್ನ ವಾರದ ರಜೆಯಲ್ಲಿ. ಸೋಮವಾರ ಆ ಕಲಿಕೆಯ ಲಾಭ ಹೋಗುವುದು ಕಂಪನಿಗೆ. ಜಾಗ ಕೊಟ್ಟ ಕಂಪನಿಗೆ ಖರ್ಚಾದದ್ದು ಎಸಿ ಮತ್ತು ಸಮೋಸಾ. ಪ್ರತಿಯಾಗಿ ಊರಿನ ಚುರುಕು ಹುಡುಗ ಹುಡುಗಿಯರ ಪರಿಚಯ, ನೇಮಕಾತಿಗೆ ದಾರಿ. ಇದರಲ್ಲಿ ಮೋಸವೇನಿಲ್ಲ, ಬಂದವರು ಖುಷಿಯಿಂದಲೇ ಬಂದವರು. ಆದರೆ ಕಲಿಸುವ ಹೊಣೆ ಯಜಮಾನನ ಕೈಯಿಂದ ದುಡಿಯುವವನ ತಲೆಗೆ ದಾಟಿತು, ಆ ದಾಟುವಿಕೆಗೆ ನಾವೆಲ್ಲ ಸ್ವಾತಂತ್ರ್ಯವೆಂದು ಹೆಸರಿಟ್ಟು ಚಪ್ಪಾಳೆ ತಟ್ಟಿದೆವು. ಶನಿವಾರ ಬೆಳಿಗ್ಗೆ ವೈಟ್‌ಫೀಲ್ಡಿಗೆ ಹೋಗಿ ಸಂಜೆವರೆಗೆ ಇರಬಲ್ಲವರು ಯಾರು? ಮನೆಯಲ್ಲಿ ಮಗುವನ್ನೋ ವಯಸ್ಸಾದ ಅತ್ತೆಯನ್ನೋ ನೋಡಿಕೊಳ್ಳುವ ಹೊಣೆ ಇಲ್ಲದವರು. ಇಂಥ ಕೂಟಗಳಲ್ಲಿ ಹೆಂಗಸರು ಯಾಕೆ ಕಡಿಮೆ ಎಂಬ ಚರ್ಚೆಗೆ ಬೇರೆ ಗೋಷ್ಠಿ ಬೇಕಿಲ್ಲ, ಕ್ಯಾಲೆಂಡರ್ ನೋಡಿದರೆ ಸಾಕು.

ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೊಸಿಸ್‌ನ ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದಾಗ ದೇಶವಿಡೀ ಚರ್ಚೆಯಾಯಿತು. 2024ರ ಜುಲೈನಲ್ಲಿ ಐಟಿ ನೌಕರರ ದಿನವನ್ನು 14 ಗಂಟೆವರೆಗೆ ಹಿಗ್ಗಿಸುವ ಪ್ರಸ್ತಾಪ ಕರ್ನಾಟಕ ಸರ್ಕಾರದ ಮುಂದೆ ಬಂದಾಗ ಐಟಿ ನೌಕರರ ಸಂಘ ಬೀದಿಗಿಳಿಯಿತು. ಎರಡೂ ಚರ್ಚೆಯಲ್ಲಿ ಎಣಿಸಿದ್ದು ಆಫೀಸಿನ ಗಂಟೆಗಳನ್ನು. ಕೆಲಸದಲ್ಲಿ ಉಳಿಯಲು ವಾರಾಂತ್ಯದಲ್ಲಿ ಕಲಿಯುವ ಗಂಟೆಗಳು ಯಾರ ಪುಸ್ತಕದಲ್ಲೂ ಬರಲಿಲ್ಲ. ಕೃತಕ ಬುದ್ಧಿಮತ್ತೆ ತಿಂಗಳಿಗೊಂದು ಹೊಸ ಸಲಕರಣೆ ತರುತ್ತಿರುವ ಈ ಹೊತ್ತಿನಲ್ಲಿ ಆ ಗಂಟೆಗಳು ಹೆಚ್ಚುತ್ತವೆಯೇ ಹೊರತು ಇಳಿಯುವುದಿಲ್ಲ.

ಎರಡು ಕಾಲಿನ ನಿಯಮಕ್ಕೆ ಈಗ ಬರೋಣ. ಬೇಡವೆನಿಸಿದರೆ ಎದ್ದು ನಡೆ ಎಂಬುದು ಬೇಡಿಕೆಯಲ್ಲಿರುವವನ ನಿಯಮ. ಒಳ್ಳೆಯ ಆಫರ್ ಬಂದಾಗ ಕಂಪನಿ ಬದಲಿಸುವ ಪ್ರೋಗ್ರಾಮರ್ ಇದನ್ನು ಬದುಕಿನಲ್ಲೂ ಪಾಲಿಸುತ್ತಾನೆ. ಅದೇ ನಗರದಲ್ಲಿ ಬೈಕಿನ ಮೇಲೆ ಊಟ ಸಾಗಿಸುವವನಿಗೂ ಕಾಗದದ ಮೇಲೆ ಇದೇ ಸ್ವಾತಂತ್ರ್ಯವಿದೆ. ಯಾವಾಗ ಬೇಕಾದರೂ ಲಾಗಿನ್, ಯಾವಾಗ ಬೇಕಾದರೂ ಲಾಗೌಟ್, ಬಾಸ್ ಇಲ್ಲ. ಆದರೆ ಲಾಗೌಟ್ ಆದರೆ ಆ ದಿನದ ಇನ್ಸೆಂಟಿವ್ ಹೋಗುತ್ತದೆ. ನೀತಿ ಆಯೋಗದ 2022ರ ವರದಿ ದೇಶದಲ್ಲಿ ಇಂಥ ಗಿಗ್ ಕಾರ್ಮಿಕರು 2020-21ರಲ್ಲಿ 77 ಲಕ್ಷ ಇದ್ದರೆಂದೂ, 2029-30ಕ್ಕೆ 2.35 ಕೋಟಿ ಆಗಬಹುದೆಂದೂ ಅಂದಾಜು ಮಾಡಿತು.

ಅವರೂ ಸಭೆ ಸೇರುತ್ತಾರೆ. ಮಧ್ಯಾಹ್ನ ಮೂರರ ಸುಮಾರಿಗೆ, ಆರ್ಡರ್ ತಣ್ಣಗಾದ ಹೊತ್ತಿನಲ್ಲಿ ಹೋಟೆಲ್ ಸಾಲಿನ ಎದುರಿನ ಮರದ ಕೆಳಗೆ ಹತ್ತಿಪ್ಪತ್ತು ಬೈಕು ನಿಂತಿರುತ್ತವೆ. ಒಂದೇ ಪವರ್ ಬ್ಯಾಂಕಿಗೆ ಮೂರು ಫೋನು. ಹೆಲ್ಮೆಟ್ಟೇ ದಿಂಬು. ಯಾವ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಹತ್ತಲು ಬಿಡುವುದಿಲ್ಲ, ಯಾವ ಹೋಟೆಲು ಪಾರ್ಸೆಲ್ ಕೊಡಲು ಅರ್ಧ ಗಂಟೆ ಕಾಯಿಸುತ್ತದೆ, ಈ ವಾರ ಇನ್ಸೆಂಟಿವ್ ಲೆಕ್ಕ ಹೇಗೆ ಬದಲಾಗಿದೆ, ಐಡಿ ಬ್ಲಾಕ್ ಆದವನು ಯಾರಿಗೆ ಫೋನ್ ಮಾಡಿದ, ಇಂಥವೇ ವಿಷಯಗಳು. ಕನ್ನಡ, ಹಿಂದಿ, ತಮಿಳು ಕಲಸಿ ಮಾತು. ಒಬ್ಬನ ಫೋನು ಗುಂಯ್ಗುಟ್ಟಿದರೆ ಅವನು ಎದ್ದು ಹೊರಟ. ಸಂಜೆಗೆ ಅದೇ ಮಾತು ವಾಟ್ಸಾಪ್ ಗುಂಪಿನಲ್ಲಿ ದನಿ ಸಂದೇಶವಾಗಿ ಇನ್ನೂರು ಜನಕ್ಕೆ ಹೋಗುತ್ತದೆ. ಬಂದವರೇ ಬರಬೇಕಾದವರು, ಮುಗಿದಾಗ ಮುಗಿಯಿತು ಎಂಬ ಕಟ್ಟಳೆಗಳಿಗೆ ಇದಕ್ಕಿಂತ ಒಪ್ಪುವ ಸಭೆ ಎಲ್ಲಿದೆ? ಇದನ್ನು ಸಮ್ಮೇಳನವೆಂದು ಯಾರೂ ಕರೆಯುವುದಿಲ್ಲ, ಸಮೋಸಾ ಕೊಡುವ ಪ್ರಾಯೋಜಕರೂ ಇಲ್ಲ.

ಆದರೂ ಇಂಥ ಮಾತುಗಳು ಸಂಘಟನೆಗಳ ಮೂಲಕ ವಿಧಾನಸೌಧ ಮುಟ್ಟಿದವು. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕ್ಷೇಮಾಭಿವೃದ್ಧಿಗೆ ಕಾನೂನು ತಂದಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರಷ್ಟು ಶುಲ್ಕವನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು, 14 ದಿನದ ನೋಟಿಸ್ ಕೊಡದೆ ಕೆಲಸದಿಂದ ತೆಗೆಯಬಾರದು, ಕೆಲಸ ಹಂಚುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಮಾಹಿತಿ ಕೊಡಬೇಕು ಎಂದು ಅದು ಹೇಳುತ್ತದೆ. ಗೋಡೆ ತುಂಬ ಚೀಟಿ ಅಂಟಿಸಿದ ಯಾವ ಬಾರ್‌ಕ್ಯಾಂಪಿನಿಂದಲೂ ಇಂಥದ್ದೊಂದು ಕಾನೂನು ಹೊರಬಂದಿಲ್ಲ. ಒಟ್ಟಾಗಿ ಏನನ್ನಾದರೂ ಕೇಳುವ ಅಭ್ಯಾಸವನ್ನು ಆ ಗೋಡೆ ಕಲಿಸಲಿಲ್ಲ. ಒಬ್ಬೊಬ್ಬರನ್ನು ಜಾಣರನ್ನಾಗಿಸಿ ಕಳಿಸಿತು.

ಮಿಕ್ಕಿದ್ದನ್ನು ಬೇಗ ಹೇಳಿಬಿಡಬಹುದು. ಕೋವರ್ಕಿಂಗ್ ಬಾಡಿಗೆ ವ್ಯಾಪಾರವಾಯಿತು. ಅದರ ದೊಡ್ಡ ಹೆಸರಾಗಿದ್ದ ಅಮೆರಿಕದ ವೀವರ್ಕ್ 2023ರಲ್ಲಿ ದಿವಾಳಿ ರಕ್ಷಣೆಗೆ ಕೋರ್ಟು ಹತ್ತಿತು. ಕೋವಿಡ್ ಕಾಲದಲ್ಲಿ ಎಲ್ಲ ಸಭೆಗಳೂ ಪರದೆಗೆ ಹೋದವು. ಶಿವಮೊಗ್ಗ, ಕಲಬುರಗಿಯವರೂ ಬಸ್ಸು ಹತ್ತದೆ ಕೂರುವಂತಾದದ್ದು ಲಾಭ. ಕಾಫಿ ವಿರಾಮವೇ ಇಲ್ಲವಾದದ್ದು ನಷ್ಟ. ಕಂಪನಿಗಳು ಒಳಗೇ ಅನ್‌ಕಾನ್ಫರೆನ್ಸ್ ಮಾಡತೊಡಗಿವೆ, ಆದರೆ ಮ್ಯಾನೇಜರ್ ಹಿಂದಿನ ಸಾಲಿನಲ್ಲಿ ಕೂತಿರುವಾಗ ಎರಡು ಕಾಲಿನ ನಿಯಮ ಪಾಲಿಸುವವರು ಯಾರು?

ಇಷ್ಟು ನೋಡಿದ ಮೇಲೂ ಗೋಡೆಯ ಆ ಖಾಲಿ ಚೌಕಗಳ ಪರವಾಗಿಯೇ ನನ್ನ ಮತ. ಮೊದಲೇ ಅಚ್ಚಾದ ಆಹ್ವಾನ ಪತ್ರಿಕೆಯಲ್ಲಿ ಎಂದೂ ಹೆಸರು ಬಾರದವರಿಗೆ ಮಾತು ಕೊಟ್ಟ ವಿಧಾನ ಅದು. ಬದಲಾಗಬೇಕಾದದ್ದು ವಾರ ಮಾತ್ರ. ಪ್ರತಿನಿಧಿಯಾಗಿ ಹೆಸರು ನೋಂದಾಯಿಸಿ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಹೋಗುವ ಸರ್ಕಾರಿ ನೌಕರರಿಗೆ ನಮ್ಮ ಸರ್ಕಾರ ಓಓಡಿ (ಅನ್ಯ ಕಾರ್ಯ ನಿಮಿತ್ತ) ಕೊಡುತ್ತದೆ. ಹಾಜರಾತಿ ಪತ್ರ ತಂದು ಕೊಟ್ಟರೆ ಆ ದಿನಗಳ ಸಂಬಳ ಹೋಗುವುದಿಲ್ಲ. ಖಾಸಗಿ ಕಂಪನಿಗಳಿಗೆ ಇಷ್ಟು ಮಾಡಲು ಕಾನೂನೂ ಬೇಕಿಲ್ಲ. ಮುಂದಿನ ಕೂಟ ಏರ್ಪಡಿಸುವವರು ಗುರುವಾರ, ಶುಕ್ರವಾರ ಎಂದು ದಿನ ಗೊತ್ತುಮಾಡಿ, ಜಾಗ ಕೇಳಲು ಕಂಪನಿಗಳಿಗೆ ಬರೆಯುವ ಪತ್ರದಲ್ಲೇ ನೌಕರರಿಗೆ ಆ ಎರಡು ದಿನದ ಓಓಡಿಯನ್ನೂ ಕೇಳಲಿ.